ಪಾಂಜರ್ 4: ಹದಿನೆಂಟು ಟನ್ನಿನ ವಿನ್ಯಾಸ ಇಪ್ಪತ್ತೈದು ಟನ್ ಹೊತ್ತ ಪ್ರಕರಣ

ಎರಡನೆಯ ಮಹಾಯುದ್ಧ ಶುರುವಾದ ದಿನದಿಂದ ಅದರ ಕೊನೆಯ ವಾರಗಳವರೆಗೂ ಜರ್ಮನಿಯ ಕಾರ್ಖಾನೆಗಳಲ್ಲಿ ತಯಾರಿಕೆ ನಿಲ್ಲದೆ ನಡೆದ ಟ್ಯಾಂಕ್ ಪಾಂಜರ್ 4 ಒಂದೇ. ಅದರ ಓರಗೆಯವು ಯುದ್ಧದ ನಡುವೆಯೇ ಹಳತಾಗಿ ಹಿಂದೆ ಸರಿದವು. ಹೆಸರುವಾಸಿಯಾದ ಟೈಗರ್ ಮತ್ತು ಪ್ಯಾಂಥರ್‌ಗಳು ಯುದ್ಧ ಅರ್ಧ ದಾರಿ ಸವೆಸಿದ ಮೇಲೆ ರಣರಂಗಕ್ಕೆ ಬಂದವು. ಸುಮಾರು 8,500ರಷ್ಟು ತಯಾರಾದ ಈ ಮಧ್ಯಮ ಟ್ಯಾಂಕು ಎ ಯಿಂದ ಜೆ ವರೆಗೆ ಅಕ್ಷರಗಳಿಂದ ಗುರುತಿಸಲಾದ ಆವೃತ್ತಿಗಳನ್ನು ಕಂಡಿತು. ಈ ಬರಹದಲ್ಲಿ ನಾನು ಎತ್ತಿಕೊಂಡಿರುವುದು ಅದರ ಚರಿತ್ರೆಯ ಒಂದು ಸನ್ನಿವೇಶವನ್ನು: 1941ರ ಶರತ್ಕಾಲದಲ್ಲಿ ಸೋವಿಯತ್ ಟ್ಯಾಂಕುಗಳೆದುರು ನಿರುಪಾಯವಾಗಿ ನಿಂತಿದ್ದ ವಾಹನವೊಂದು ಕೆಲವೇ ತಿಂಗಳುಗಳಲ್ಲಿ ಹೊಸ ಫಿರಂಗಿ ಹೊತ್ತು ಸಮಬಲಕ್ಕೆ ಬಂದದ್ದು ಹೇಗೆ, ಮತ್ತು ಆ ಯಶಸ್ಸಿನ ನಂತರದ ಮೂರು ವರ್ಷಗಳಲ್ಲಿ ಅದೇ ಒಡಲಿನ ಮೇಲೆ ಭಾರ ಹೇರುತ್ತಾ ಹೋದಾಗ ಆದದ್ದೇನು.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಪಾಂಜರ್ 4ರ ಪ್ರತಿಯೊಂದು ಸುಧಾರಣೆಯೂ 1930ರ ದಶಕದ ಮೂಲ ವಿನ್ಯಾಸದಲ್ಲಿ ಉಳಿದಿದ್ದ ಹೆಚ್ಚುವರಿ ಸಾಮರ್ಥ್ಯದಿಂದ ತೆಗೆದ ಖರ್ಚು. 1942ರ ಮಾರ್ಚಿನಲ್ಲಿ ಮಾಡಿದ ಖರ್ಚು ಅತ್ಯಂತ ಸಾರ್ಥಕವಾದದ್ದು. 1943ರ ಕೊನೆಯ ಹೊತ್ತಿಗೆ ಆ ಗಂಟು ಬರಿದಾಗಿತ್ತು. 1944ರಲ್ಲಿ ವಾಹನದ ಒಂದು ಗುಣವನ್ನು ಕೊಟ್ಟು ಇನ್ನೊಂದನ್ನು ಕೊಳ್ಳಬೇಕಾದ ಸ್ಥಿತಿ ಬಂತು. ಈ ಲೆಕ್ಕವನ್ನು ಹಿಡಿದು ಹೊರಟರೆ, ಬಿಡಿಬಿಡಿಯಾಗಿ ಕಾಣುವ ಮಾರ್ಪಾಡುಗಳೆಲ್ಲ ಒಂದೇ ಎಳೆಯಲ್ಲಿ ಕೂಡಿಕೊಳ್ಳುತ್ತವೆ.

ಮೂಲ ವಿನ್ಯಾಸ

1930ರ ದಶಕದ ನಡುಭಾಗದಲ್ಲಿ ಜರ್ಮನ್ ಸೇನೆ ಎರಡು ಬಗೆಯ ಮಧ್ಯಮ ಟ್ಯಾಂಕುಗಳನ್ನು ಬಯಸಿತ್ತು. ಶತ್ರುವಿನ ಟ್ಯಾಂಕುಗಳೊಂದಿಗೆ ಸೆಣಸುವ ಕೆಲಸ ಪಾಂಜರ್ 3ರದ್ದು, ಅದಕ್ಕೆ 3.7 ಸೆಂಟಿಮೀಟರಿನ, ಸಣ್ಣ ಬಾಯಿಯ ವೇಗದ ಫಿರಂಗಿ. ಅದರ ಬೆನ್ನಿಗೆ ನಿಂತು ಕಾಲಾಳುಗಳ ನೆಲೆಗಳನ್ನೂ ಮಷೀನ್‌ಗನ್ ಗೂಡುಗಳನ್ನೂ ಟ್ಯಾಂಕ್ ನಿರೋಧಕ ಫಿರಂಗಿಗಳನ್ನೂ ಸ್ಫೋಟಕ ಗುಂಡುಗಳಿಂದ ಅಡಗಿಸುವುದು ಪಾಂಜರ್ 4ರ ಕೆಲಸ. ಇದಕ್ಕೆ 7.5 ಸೆಂಟಿಮೀಟರ್ ಬಾಯಿಯ, ಆದರೆ ಬಾಯಿಯಳತೆಯ 24 ಪಟ್ಟಷ್ಟೇ ಉದ್ದದ ಮೊಂಡು ಫಿರಂಗಿಯನ್ನು ಕೊಡಲಾಯಿತು. ಎಲ್/24 ಎಂಬ ಗುರುತಿನ ಆ ನಳಿಗೆ ಸುಮಾರು 1.8 ಮೀಟರ್ ಉದ್ದವಿತ್ತು. ಪೈಪೋಟಿಯಲ್ಲಿ ಆಯ್ಕೆಯಾದದ್ದು ಕ್ರುಪ್ ಕಂಪನಿಯ ವಿನ್ಯಾಸ. ಮಾಗ್ಡೆಬುರ್ಗಿನ ಕ್ರುಪ್-ಗ್ರೂಸನ್ ಕಾರ್ಖಾನೆಯಲ್ಲಿ 1937ರ ಕೊನೆಯ ಭಾಗದಿಂದ ಎ ಆವೃತ್ತಿಯ 35 ಟ್ಯಾಂಕುಗಳು ತಯಾರಾದವು. ತೂಕ ಹದಿನೆಂಟು ಟನ್ನಿನ ಆಸುಪಾಸು, ಕವಚ ಬಹುತೇಕ ಕಡೆ 14.5 ಮಿಲಿಮೀಟರ್, ಬಂದೂಕಿನ ಗುಂಡನ್ನೂ ಸಿಡಿಚೂರುಗಳನ್ನೂ ತಡೆಯಲಷ್ಟೇ ಸಾಕಾಗುವಂಥದ್ದು.

ಈ ವಿನ್ಯಾಸದ ಮೂರು ಅಂಶಗಳನ್ನು ಮುಂದಿನ ಕಥೆಗಾಗಿ ಗಮನವಿಟ್ಟು ನೋಡಬೇಕು. ಮೊದಲನೆಯದು ಟರೆಟ್, ಅಂದರೆ ಫಿರಂಗಿಯನ್ನು ಹೊತ್ತು ತಿರುಗುವ ಗೋಪುರ, ಕೂರುವ ಬಳೆ. ಅದರ ಒಳವ್ಯಾಸ ಸುಮಾರು 1,600 ಮಿಲಿಮೀಟರ್; ಪಾಂಜರ್ 3ರದ್ದು 1,520. ದೊಡ್ಡ ಬಾಯಿಯ ಫಿರಂಗಿಗೆ ಗುಂಡು ತುಂಬುವವನ ಕೈಯಾಡಲು ಜಾಗ ಬೇಕೆಂದು ಕೊಟ್ಟ ಈ 80 ಮಿಲಿಮೀಟರ್ ವ್ಯತ್ಯಾಸವೇ ಮುಂದೆ ಒಂದು ಟ್ಯಾಂಕನ್ನು ಉಳಿಸಿತು, ಇನ್ನೊಂದನ್ನು ಕೈಬಿಟ್ಟಿತು. ಎರಡನೆಯದು ತೂಗುವ ವ್ಯವಸ್ಥೆ. ಒಂದೊಂದು ಬದಿಯಲ್ಲಿ ಎಂಟು ಸಣ್ಣ ಚಕ್ರಗಳು, ಅವು ಎರಡೆರಡಾಗಿ ಜೋಡಿಗೊಂಡು ಲೀಫ್ ಸ್ಪ್ರಿಂಗುಗಳ ಮೇಲೆ ನಿಂತಿದ್ದವು. ನಮ್ಮ ಲಾರಿಗಳ ಅಡಿಯಲ್ಲಿ ಕಾಣುವ ಪಟ್ಟಿಗಳ ಕುಲದ್ದೇ ಆದ ಈ ಸ್ಪ್ರಿಂಗುಗಳು ತಯಾರಿಕೆಗೂ ದುರಸ್ತಿಗೂ ಸರಳ. ಒಂದು ಜೋಡಿ ಚಕ್ರ ಹಾಳಾದರೆ ಹೊರಗಿನಿಂದಲೇ ಬೋಲ್ಟು ಬಿಚ್ಚಿ ಬದಲಿಸಬಹುದಿತ್ತು. ಸೇನೆಯ ಶಸ್ತ್ರಾಸ್ತ್ರ ಇಲಾಖೆಗೆ ತಿರುಚು ಸರಳುಗಳ ಮೇಲೆ ನಿಲ್ಲುವ ಹೊಸ ಬಗೆಯ ವ್ಯವಸ್ಥೆ ಬೇಕಿತ್ತಾದರೂ ಕ್ರುಪ್ ತನ್ನ ಸ್ಪ್ರಿಂಗನ್ನೇ ಉಳಿಸಿಕೊಂಡಿತು. ಮೂರನೆಯದು ಟರೆಟ್ ತಿರುಗಿಸುವ ವಿದ್ಯುತ್ ಮೋಟರು. ಅದಕ್ಕೆ ವಿದ್ಯುತ್ ಕೊಡಲೆಂದೇ ಎಂಜಿನ್ ಕೋಣೆಯಲ್ಲಿ ಡಿಕೆಡಬ್ಲ್ಯು ತಯಾರಿಕೆಯ ಎರಡು ಸಿಲಿಂಡರಿನ ಪುಟ್ಟ ಎಂಜಿನೊಂದು ಜನರೇಟರನ್ನು ನಡೆಸುತ್ತಿತ್ತು. ಟರೆಟನ್ನು ಒಡಲಿನ ನಡುಗೆರೆಯಿಂದ ತುಸು ಎಡಕ್ಕೂ ಮುಖ್ಯ ಎಂಜಿನನ್ನು ಬಲಕ್ಕೂ ಸರಿಸಿ ಕೂರಿಸಿದ್ದರ ಹಿಂದೆಯೂ, ಟರೆಟ್ಟಿಗೆ ವಿದ್ಯುತ್ ಒಯ್ಯುವ ತಿರುಗುಜೋಡಣೆಯನ್ನು, ಎಂಜಿನ್ನಿನ ಬಲವನ್ನು ಮುಂದಿನ ಗೇರ್‌ಬಾಕ್ಸಿಗೆ ಒಯ್ಯುವ ಪ್ರೊಪೆಲರ್ ದಂಡದಿಂದ ದೂರವಿಡುವ ಉದ್ದೇಶವಿತ್ತು.

ಬಿ ಆವೃತ್ತಿಯಿಂದ ಎಂಜಿನ್ ಬದಲಾಯಿತು. ಮೇಬಾಕ್ ಕಂಪನಿಯ, 11.9 ಲೀಟರಿನ, ಹನ್ನೆರಡು ಸಿಲಿಂಡರಿನ, 300 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಬಂತು. ಯುದ್ಧ ಮುಗಿಯುವವರೆಗೂ ಈ ಶಕ್ತಿ 300ರಲ್ಲೇ ಉಳಿಯಿತು. ಬಿ ಇಂದ ಎಫ್ ತನಕದ ಉಳಿದ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸಬಹುದು: ಮುಂಭಾಗದ ಕವಚ 30 ಮಿಲಿಮೀಟರಿಗೆ, ಮುಂದೆ 1941ರ ಎಫ್ ಆವೃತ್ತಿಯಲ್ಲಿ 50ಕ್ಕೆ ಏರಿತು, ಪಕ್ಕದ ಕವಚ 30 ಆಯಿತು, ಹೆಚ್ಚಿದ ಭಾರಕ್ಕೆಂದು ಸರಪಳಿಯ ಅಗಲವನ್ನು 380ರಿಂದ 400 ಮಿಲಿಮೀಟರಿಗೆ ಹಿಗ್ಗಿಸಲಾಯಿತು, ತೂಕ 22.3 ಟನ್ ಮುಟ್ಟಿತು. ಫಿರಂಗಿ ಮಾತ್ರ ಅದೇ ಮೊಂಡು ಎಲ್/24. ಫ್ರಾನ್ಸಿನ ಮೇಲಿನ ಗೆಲುವಿನ ನಂತರ ಅದನ್ನು ತುರ್ತಾಗಿ ಬದಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

1941ರ ಶರತ್ಕಾಲ

ಜೂನ್ 22ರಂದು ಸೋವಿಯತ್ ಒಕ್ಕೂಟದೊಳಕ್ಕೆ ನುಗ್ಗಿದ ಜರ್ಮನ್ ಟ್ಯಾಂಕ್ ದಳಗಳು ಮೊದಲ ವಾರಗಳಿಂದಲೇ ಟಿ-34 ಮತ್ತು ಕೆವಿ ಟ್ಯಾಂಕುಗಳನ್ನು ಎದುರಿಸಿದವಾದರೂ, ಅವು ಅಲ್ಲೊಂದು ಇಲ್ಲೊಂದಾಗಿ, ತರಬೇತಿಯೂ ಇಂಧನವೂ ಸಾಲದೆ ಬರುತ್ತಿದ್ದುದರಿಂದ ಅಪಾಯದ ಪೂರ್ಣ ಅಳತೆ ಸಿಕ್ಕಿರಲಿಲ್ಲ. ಅಕ್ಟೋಬರಿನಲ್ಲಿ ಓರ್ಯೋಲ್‌ನಿಂದ ತೂಲಾದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ, ಮ್ತ್ಸೆನ್ಸ್ಕ್ ಪಟ್ಟಣದ ಬಳಿ, ಸೋವಿಯತ್ ಸೇನಾಧಿಕಾರಿ ಕತುಕೋವ್ ಅವರ 4ನೆಯ ಟ್ಯಾಂಕ್ ಬ್ರಿಗೇಡು ಜರ್ಮನ್ 4ನೆಯ ಪಾಂಜರ್ ಡಿವಿಜನ್ನನ್ನು ಹೊಂಚು ಹಾಕಿ ಹೊಡೆದಾಗ ಆ ಅಳತೆ ಸಿಕ್ಕಿತು. ಟಿ-34ರ ಮುಂಭಾಗದ 45 ಮಿಲಿಮೀಟರ್ ತಗಡು ನೇರ ನಿಲುವಿನಿಂದ 60 ಡಿಗ್ರಿ ಓರೆಯಾಗಿತ್ತು. ಎಲ್/24ರಿಂದ ಹೊರಟ ಕವಚಭೇದಿ ಗುಂಡಿನ ಆರಂಭಿಕ ವೇಗ ಸೆಕೆಂಡಿಗೆ 385 ಮೀಟರ್ ಮಾತ್ರ, ಅರ್ಧ ಕಿಲೋಮೀಟರ್ ದೂರದಲ್ಲಿ ಅದು ತೂರಬಲ್ಲ ಉಕ್ಕು 40 ಮಿಲಿಮೀಟರಿನ ಸುತ್ತಮುತ್ತ. ಟಿ-34ರ 76.2 ಮಿಲಿಮೀಟರ್ ಫಿರಂಗಿಯಾದರೋ ಪಾಂಜರ್ 4ನ್ನು ಮಾಮೂಲಿ ಕದನದ ಯಾವ ದೂರದಿಂದಲೂ ಭೇದಿಸುತ್ತಿತ್ತು. ಆ ರಂಗದಲ್ಲಿದ್ದ ಜರ್ಮನ್ 2ನೆಯ ಪಾಂಜರ್ ಸೇನೆಯ ದಂಡನಾಯಕ ಗುಡೇರಿಯನ್ ಕೋರಿಕೆಯ ಮೇರೆಗೆ ನವೆಂಬರಿನಲ್ಲಿ ವಿನ್ಯಾಸಕಾರರೂ ಉದ್ಯಮಿಗಳೂ ಇದ್ದ ತಂಡವೊಂದು ರಣರಂಗಕ್ಕೇ ಬಂದು ನಾಶವಾದ ವಾಹನಗಳನ್ನು ನೋಡಿಹೋಯಿತು. ಆ ಭೇಟಿಯ ಫಲವಾಗಿ ಹುಟ್ಟಿದ ಪ್ಯಾಂಥರ್ ಮೊದಲ ಬಾರಿ ಕದನ ಕಂಡದ್ದು 1943ರ ಜುಲೈನಲ್ಲಿ. ನಡುವಿನ ಇಪ್ಪತ್ತು ತಿಂಗಳನ್ನು ದಾಟಿಸಲು ಕೈಯಲ್ಲಿದ್ದ ವಾಹನವೇ ಗತಿ.

ಪಾಂಜರ್ 3ಕ್ಕೆ ಈ ಹೊತ್ತಿಗೆ 5 ಸೆಂಟಿಮೀಟರಿನ ಉದ್ದ ನಳಿಗೆ ಬರುತ್ತಿತ್ತು, ಅದರ ಇಕ್ಕಟ್ಟಾದ ಬಳೆಗೆ ಅದೇ ಮಿತಿ. ಪಾಂಜರ್ 4ಕ್ಕೂ 5 ಸೆಂಟಿಮೀಟರಿನದನ್ನೇ ಕೂರಿಸುವ ಪ್ರಯತ್ನ ಸಾಗಿದ್ದಾಗ ಪೂರ್ವ ರಂಗದ ಸುದ್ದಿ ಬಂದು, ಅದನ್ನು ಬದಿಗಿಟ್ಟು ಉದ್ದ ನಳಿಗೆಯ 7.5 ಸೆಂಟಿಮೀಟರ್ ಫಿರಂಗಿಗೆ ನವೆಂಬರಿನಲ್ಲಿ ಆದೇಶ ಹೊರಟಿತು. ಒಂದು ಸಣ್ಣ ಸಂಗತಿ ಇಲ್ಲಿ ಉಲ್ಲೇಖಾರ್ಹ: 1942ರ ಮಧ್ಯದಿಂದ ಪಾಂಜರ್ 3ರ ಎನ್ ಆವೃತ್ತಿ, ಪಾಂಜರ್ 4 ತೆಗೆದಿಟ್ಟ ಅದೇ ಮೊಂಡು ಫಿರಂಗಿಯನ್ನು ಹೊತ್ತು ಬೆಂಬಲದ ಕೆಲಸಕ್ಕೆ ಇಳಿಯಿತು. ಎರಡು ಟ್ಯಾಂಕುಗಳ ಪಾತ್ರಗಳು ಹೀಗೆ ಪೂರ್ತಿ ಅದಲುಬದಲಾದವು, ಮತ್ತು ಅದಕ್ಕೆ ಮುಖ್ಯ ಕಾರಣ ಬಳೆಯ ಅಗಲ.

ಉದ್ದ ನಳಿಗೆಯನ್ನು ಹೊಂದಿಸಿದ ಬಗೆ

ಈ ಪ್ರಕರಣದ ತಿರುಳು ಇರುವುದು ಇಲ್ಲೇ. ಕಾಲಾಳು ಪಡೆಗಾಗಿ ರೈನ್‌ಮೆಟಾಲ್ ಕಂಪನಿ ಅಭಿವೃದ್ಧಿಪಡಿಸುತ್ತಿದ್ದ 7.5 ಸೆಂಟಿಮೀಟರಿನ ಟ್ಯಾಂಕ್ ನಿರೋಧಕ ಫಿರಂಗಿ, ಪಾಕ್ 40, ಆಗ ಪರೀಕ್ಷೆಗಳನ್ನು ಮುಗಿಸುವ ಹಂತದಲ್ಲಿತ್ತು. ಅದರ ಬಲ ಸಾಕಷ್ಟಿತ್ತು, ಆದರೆ ಬಯಲಿನಲ್ಲಿ ನಿಂತು ಹೊಡೆಯುವ ಫಿರಂಗಿಗೆ ಇರುವ ಎರಡು ಸ್ವಾತಂತ್ರ್ಯಗಳು ಟರೆಟ್ಟಿನೊಳಗೆ ಸಿಗುವುದಿಲ್ಲ. ಒಂದು, ಗುಂಡು ಹಾರಿದಾಗ ನಳಿಗೆ ಬೇಕಾದಷ್ಟು ಹಿಂದಕ್ಕೆ ಸರಿಯುವ ಸ್ವಾತಂತ್ರ್ಯ. ಇನ್ನೊಂದು, ಉದ್ದನೆಯ ಕಾಡತೂಸನ್ನು ಹಿಂದೆ ನಿಂತು ಆರಾಮವಾಗಿ ತುಂಬುವ ಸ್ವಾತಂತ್ರ್ಯ. ಪಾಕ್ 40ರ ಕಾಡತೂಸಿನಲ್ಲಿ ಮದ್ದು ತುಂಬುವ ಕೋಶವೊಂದೇ 714 ಮಿಲಿಮೀಟರ್ ಉದ್ದ. ಅದರ ತುದಿಗೆ 6.8 ಕಿಲೋ ತೂಕದ ಗುಂಡು ಸೇರಿದರೆ ಮೀಟರಿನ ಸನಿಹಕ್ಕೆ ಬರುವ ಆ ವಸ್ತುವನ್ನು, ಫಿರಂಗಿಯ ಹಿಂಬದಿಗೂ ಟರೆಟ್ಟಿನ ಹಿಂಗೋಡೆಗೂ ನಡುವೆ ಉಳಿಯುವ ಇಕ್ಕಟ್ಟಿನಲ್ಲಿ, ಅಲುಗಾಡುವ ವಾಹನದೊಳಗೆ, ಕೂತಲ್ಲಿಂದಲೇ ತಿರುಗಿಸಿ ತುಂಬುವುದು ಆಗದ ಮಾತು.

ಕ್ರುಪ್ ಮತ್ತು ರೈನ್‌ಮೆಟಾಲ್ ಕಂಪನಿಗಳು ಸೇರಿ ಕಂಡುಕೊಂಡ ಪರಿಹಾರವೆಂದರೆ ಕೋಶವನ್ನು ಗಿಡ್ಡಗೊಳಿಸಿ ದಪ್ಪಗೊಳಿಸುವುದು. ಹೊಸ ಟ್ಯಾಂಕ್ ಫಿರಂಗಿಯ, ಅಂದರೆ ಕೆಡಬ್ಲ್ಯುಕೆ 40ರ, ಕೋಶದ ಉದ್ದ 495 ಮಿಲಿಮೀಟರಿಗೆ ಇಳಿಯಿತು. ಗುಂಡಿನ ವೇಗದಲ್ಲಿ ಸ್ವಲ್ಪ ನಷ್ಟವಾಯಿತು: ಪಾಕ್ 40ರ ಸೆಕೆಂಡಿಗೆ 792 ಮೀಟರಿನ ಬದಲು, ಬಾಯಿಯಳತೆಯ 43 ಪಟ್ಟು ಉದ್ದದ ಈ ನಳಿಗೆಯಿಂದ 740 ಮೀಟರ್. ಇದು ಬುದ್ಧಿವಂತಿಕೆಯ ವಿನಿಮಯವೆಂದು ನಾನು ನಂಬುತ್ತೇನೆ, ಏಕೆಂದರೆ ಹೋಲಿಸಬೇಕಾದದ್ದು ಪಾಕ್ 40ರ ಜೊತೆಗಲ್ಲ, ಹಳೆಯ ಎಲ್/24ರ ಜೊತೆಗೆ. 385 ಮೀಟರ್ ವೇಗ 740ಕ್ಕೆ ಏರಿದಾಗ ಅದೇ ತೂಕದ ಗುಂಡು ಹೊತ್ತೊಯ್ಯುವ ಚಲನಶಕ್ತಿ ಮೂರೂವರೆ ಪಟ್ಟಿಗಿಂತಲೂ ಹೆಚ್ಚುತ್ತದೆ. ಜರ್ಮನ್ ಅಳತೆಯಂತೆ 30 ಡಿಗ್ರಿ ಓರೆಯ ತಗಡಿನ ಮೇಲೆ 500 ಮೀಟರಿನಿಂದ 91 ಮಿಲಿಮೀಟರ್, ಒಂದು ಕಿಲೋಮೀಟರಿನಿಂದ 82 ಮಿಲಿಮೀಟರ್ ಭೇದಿಸುವ ಸಾಮರ್ಥ್ಯ ಬಂತು. ಟಿ-34ನ್ನು ಅದರ ಮುಂಭಾಗದಿಂದಲೇ, ದೂರದಿಂದಲೇ ಹೊಡೆಯುವುದು ಆಗ ಸಾಧ್ಯವಾಯಿತು.

ಹಿಮ್ಮೆಟ್ಟುವಿಕೆಯನ್ನು ಅಂಕೆಯಲ್ಲಿಡಲು ನಳಿಗೆಯ ತುದಿಗೆ ಬ್ರೇಕ್ ಜೋಡಿಸಲಾಯಿತು. ಸ್ಫೋಟದ ಅನಿಲವನ್ನು ಬದಿಗಳಿಗೆ ತಿರುಗಿಸಿ ನಳಿಗೆಯನ್ನು ಮುಂದಕ್ಕೆ ಎಳೆಯುವ ಈ ಸಾಧನ ಮೊದಲ ವಾಹನಗಳಲ್ಲಿ ಗುಂಡನೆಯ, ಒಂದೇ ಕೋಣೆಯ ಆಕಾರದಲ್ಲಿತ್ತು, ಬಳಿಕ ಎರಡು ಕೋಣೆಯದಾಯಿತು. ಹಿಮ್ಮೆಟ್ಟುವ ಬಲವನ್ನು ಹೀರುವ ಸಿಲಿಂಡರುಗಳು ಟರೆಟ್ಟಿನ ಮುಖದಿಂದ ಹೊರಕ್ಕೆ ಚಾಚಿಕೊಂಡಿದ್ದರಿಂದ ಅವುಗಳಿಗೆ ಪ್ರತ್ಯೇಕ ಕವಚದ ಹೊದಿಕೆ ಬೇಕಾಯಿತು. ಉದ್ದ ನಳಿಗೆ ಮುಂದಕ್ಕೆ ವಾಲುತ್ತಿದ್ದುದನ್ನು ಸರಿದೂಗಿಸಲು ಒಳಗೆ ಸ್ಪ್ರಿಂಗಿನ ಸಮತೋಲಕವೊಂದನ್ನು ಅಳವಡಿಸಿದರು. ಗುಂಡುಗಳು ಉದ್ದವಾದರೂ ಗೂಡುಗಳನ್ನು ಹೊಸದಾಗಿ ಜೋಡಿಸಿದ್ದರಿಂದ ಹಳೆಯ 80 ಗುಂಡುಗಳ ಜಾಗದಲ್ಲಿ 87 ಹಿಡಿದವು. ಈ ಕೆಲಸದ ಅಚ್ಚುಕಟ್ಟುತನ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಬಳೆ, ಒಡಲು, ಎಂಜಿನ್ ಯಾವುದನ್ನೂ ಮುಟ್ಟದೆ ವಾಹನದ ಸ್ವಭಾವವನ್ನೇ ಬದಲಿಸಿದ ಮಾರ್ಪಾಡು ಅದು.

1942ರ ಮಾರ್ಚಿನಲ್ಲಿ ಈ ಫಿರಂಗಿಯ ಮೊದಲ ಟ್ಯಾಂಕುಗಳು ಎಫ್2 ಎಂಬ ಹೆಸರಿನಲ್ಲಿ ಹೊರಬಂದವು; ಹಳೆಯವು ಎಫ್1 ಎನಿಸಿಕೊಂಡವು. ಕೆಲವೇ ತಿಂಗಳಲ್ಲಿ ಎಫ್2 ಹೆಸರನ್ನು ಕೈಬಿಟ್ಟು ಎಲ್ಲವನ್ನೂ ಜಿ ಎಂದು ಕರೆಯಲಾಯಿತು. ಉತ್ತರ ಆಫ್ರಿಕಕ್ಕೆ ತಲುಪಿದ ಕೆಲವನ್ನು ಬ್ರಿಟಿಷರು ‘ಮಾರ್ಕ್ 4 ಸ್ಪೆಷಲ್’ ಎಂದು ಗುರುತಿಟ್ಟುಕೊಂಡರು. 1942ರ ಆಗಸ್ಟ್ ಕೊನೆಯಲ್ಲಿ ಈಜಿಪ್ಟಿನ ಆಲಂ ಹಾಲ್ಫಾ ಕದನಕ್ಕೆ ಜರ್ಮನ್ ದಂಡನಾಯಕ ರೊಮ್ಮೆಲ್ ಬಳಿ ಇದ್ದದ್ದು ಇಂಥ ಎರಡು ಡಜನ್‌ಗಿಂತ ತುಸು ಹೆಚ್ಚು ಮಾತ್ರ. ಸಂಖ್ಯೆಯ ಈ ಬಡತನವನ್ನು ಮರೆಯಬಾರದು. ಇಡೀ 1942ರಲ್ಲಿ ತಯಾರಾದ ಪಾಂಜರ್ 4ಗಳು ಸುಮಾರು ಒಂದು ಸಾವಿರ; ಅದೇ ವರ್ಷ ಸೋವಿಯತ್ ಕಾರ್ಖಾನೆಗಳು ಅದರ ಹತ್ತುಪಟ್ಟಿಗೂ ಹೆಚ್ಚು ಟಿ-34ಗಳನ್ನು ಹೊರಗೆ ತಂದವು. ವಿನ್ಯಾಸದ ಕೊರತೆಯನ್ನು ತುಂಬಿದ ಎಂಜಿನಿಯರುಗಳಿಗೆ ಸಂಖ್ಯೆಯ ಈ ಕೊರತೆಯನ್ನು ತುಂಬಲು ಸಾಧ್ಯವಿರಲಿಲ್ಲ.

ಕವಚ ಮತ್ತು ಭಾರ

ಫಿರಂಗಿ ಸರಿಯಾದ ಮೇಲೆ ಉಳಿದದ್ದು ರಕ್ಷಣೆ. 1942ರ ಮಧ್ಯದಿಂದ ಒಡಲಿನ ಮುಂಭಾಗದ 50 ಮಿಲಿಮೀಟರ್ ತಗಡಿನ ಮೇಲೆ ಇನ್ನೊಂದು 30 ಮಿಲಿಮೀಟರ್ ತಗಡನ್ನು ಬೆಸುಗೆಯಿಂದಲೋ ಬೋಲ್ಟಿನಿಂದಲೋ ಕೂರಿಸುವುದು ಹಂತಹಂತವಾಗಿ ಆರಂಭವಾಯಿತು. 1943ರ ವಸಂತದಲ್ಲಿ ನಳಿಗೆ 48 ಪಟ್ಟಿಗೆ ಉದ್ದವಾಗಿ, ಭೇದಿಸುವ ಸಾಮರ್ಥ್ಯ ಅಲ್ಪ ಹೆಚ್ಚಿತು. ಅದೇ ವರ್ಷದ ಎಚ್ ಆವೃತ್ತಿಯಲ್ಲಿ ಮುಂಭಾಗಕ್ಕೆ 80 ಮಿಲಿಮೀಟರಿನ ಏಕಖಂಡ ತಗಡು ಬಂತು. ಸೋವಿಯತ್ ಕಾಲಾಳುಗಳ 14.5 ಮಿಲಿಮೀಟರ್ ಟ್ಯಾಂಕ್ ನಿರೋಧಕ ಬಂದೂಕುಗಳು ಹತ್ತಿರದಿಂದ 30 ಮಿಲಿಮೀಟರಿನ ಪಕ್ಕದ ಗೋಡೆಯನ್ನು ತೂರಬಲ್ಲವಾಗಿದ್ದರಿಂದ, ಬದಿಗಳಿಗೆ 5 ಮಿಲಿಮೀಟರಿನ ತೆಳು ಉಕ್ಕಿನ ತಗಡುಗಳನ್ನು ನೇತುಹಾಕಿ, ಟರೆಟ್ಟಿನ ಸುತ್ತ 8 ಮಿಲಿಮೀಟರಿನ ಬೇಲಿ ಕಟ್ಟಲಾಯಿತು. ಮೊದಲ ನೋಟಕ್ಕೆ ಟೈಗರ್ ಎಂದು ಭ್ರಮೆ ಹುಟ್ಟಿಸುವ ಪಾಂಜರ್ 4ರ ಆ ಚಿರಪರಿಚಿತ ಆಕೃತಿ ಈ ತಗಡುಗಳದ್ದೇ.

ಎಚ್ ಆವೃತ್ತಿಯ ತೂಕ 25 ಟನ್. ಎಂಜಿನ್ ಅದೇ 300 ಅಶ್ವಶಕ್ತಿಯದು, ಆದ್ದರಿಂದ ಬಿ ಆವೃತ್ತಿಯಲ್ಲಿ ಟನ್ನಿಗೆ ಹದಿನಾರರಷ್ಟಿದ್ದ ಅಶ್ವಶಕ್ತಿ ಹನ್ನೆರಡಕ್ಕೆ ಕುಸಿಯಿತು. ಗೇರ್‌ಬಾಕ್ಸನ್ನು ಬದಲಿಸಿ, ಸರಪಳಿ ಎಳೆಯುವ ಚಕ್ರಕ್ಕೆ ಬಲ ಮುಟ್ಟಿಸುವ ಕೊನೆಯ ಹಂತದ ಗೇರುಗಳನ್ನು ಗಟ್ಟಿಗೊಳಿಸಿ, ಗಂಟೆಗೆ 38 ಕಿಲೋಮೀಟರ್ ಗರಿಷ್ಠ ವೇಗವನ್ನು ಹೇಗೋ ಉಳಿಸಿಕೊಳ್ಳಲಾಯಿತು. ಕೆಸರು ಮತ್ತು ಹಿಮದಲ್ಲಿ 400 ಮಿಲಿಮೀಟರ್ ಸರಪಳಿ ಸಾಲದೆ, ಹೊರಬದಿಗೆ ಚಾಚಿಕೊಂಡ ಅಗಲವಾದ ವಿಶೇಷ ಸರಪಳಿಗಳನ್ನು ರಷ್ಯಾದ ರಂಗಕ್ಕಾಗಿಯೇ ತಯಾರಿಸಬೇಕಾಯಿತು. ಮುಂಭಾಗಕ್ಕೆ ಓರೆ ತಗಡು ಕೊಟ್ಟು ರಕ್ಷಣೆಯನ್ನು ನಿಜವಾಗಿ ಸುಧಾರಿಸುವ ಪ್ರಸ್ತಾಪವೂ ಬಂದು ಹೋಯಿತು. ಅದರ ತೂಕವನ್ನು ಈ ಸ್ಪ್ರಿಂಗುಗಳು ತಾಳಲಾರವೆಂದು ಕೈಬಿಟ್ಟರು.

ಎಲ್ಲಕ್ಕಿಂತ ಹೆಚ್ಚು ಹೇಳುವ ಸಂಗತಿ ಟರೆಟ್ಟಿನ ಮುಖದ್ದು. ಒಡಲಿನ ಮುಂಭಾಗ 80 ಮಿಲಿಮೀಟರಿಗೆ ಏರಿದರೂ, ಕದನದಲ್ಲಿ ದಿಣ್ಣೆಯ ಮರೆಯಿಂದ ಮೇಲೆ ಕಾಣುವ ಭಾಗವೇ ಆದ ಟರೆಟ್ಟಿನ ಮುಖ 50 ಮಿಲಿಮೀಟರಿನಲ್ಲೇ, ಹೆಚ್ಚುಕಡಿಮೆ ನೇರ ನಿಲುವಿನಲ್ಲೇ ಯುದ್ಧ ಮುಗಿಸಿತು. ಉದ್ದ ನಳಿಗೆಯಿಂದ ಆಗಲೇ ಮುಂಭಾರವಾಗಿದ್ದ ಟರೆಟ್ಟಿಗೆ ಇನ್ನಷ್ಟು ಉಕ್ಕು ಸೇರಿಸಿದರೆ ತಿರುಗಿಸುವ ಯಂತ್ರಕ್ಕೂ ಮುಂದಿನ ಸ್ಪ್ರಿಂಗುಗಳಿಗೂ ಭಾರ ಮಿತಿಮೀರುತ್ತಿತ್ತು. ಐದು ಜನ ಸಿಬ್ಬಂದಿಯಲ್ಲಿ ಕಮಾಂಡರ್, ಗುರಿಕಾರ, ಗುಂಡು ತುಂಬುವವ ಈ ಮೂವರು ಕೂರುತ್ತಿದ್ದದ್ದು ಆ 50 ಮಿಲಿಮೀಟರ್ ತಗಡಿನ ಹಿಂದೆ. 1944ರ ಆರಂಭದಲ್ಲಿ 85 ಮಿಲಿಮೀಟರ್ ಫಿರಂಗಿಯ ಟಿ-34 ಬಂದ ಮೇಲಂತೂ ಆ ತಗಡಿನ ಭರವಸೆ ಉಳಿಯಲಿಲ್ಲ. ಸೋವಿಯತ್ ವಿನ್ಯಾಸಕಾರರು ಆ ಹೊಸ ಫಿರಂಗಿಗಾಗಿ ತಮ್ಮ ಟ್ಯಾಂಕಿನ ಬಳೆಯನ್ನು 1,425ರಿಂದ 1,600 ಮಿಲಿಮೀಟರಿಗೆ ಹಿಗ್ಗಿಸಿದರು, ಅಂದರೆ ಪಾಂಜರ್ 4 ಹುಟ್ಟಿನಿಂದಲೇ ಪಡೆದಿದ್ದ ಅಳತೆಗೆ. ವ್ಯತ್ಯಾಸವೆಂದರೆ ಅವರ ಒಡಲಿನಲ್ಲಿ 500 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇತ್ತು, ಅಗಲ ಸರಪಳಿಯಿತ್ತು. ಮೂವತ್ತೆರಡು ಟನ್ನಿಗೆ ಬೆಳೆದರೂ ಅದು ಓಡಾಡಬಲ್ಲದಾಗಿತ್ತು.

ಉಳಿಸಿಕೊಳ್ಳುವ ತೀರ್ಮಾನ

1943ರ ಆರಂಭದಲ್ಲಿ ಪಾಂಜರ್ 4ರ ತಯಾರಿಕೆಯನ್ನು ನಿಲ್ಲಿಸಿ ಟೈಗರ್ ಮತ್ತು ಪ್ಯಾಂಥರ್‌ಗಳ ಮೇಲೆ ಮಾತ್ರ ಗಮನವಿಡಬೇಕೆಂಬ ಸಲಹೆ ಸೇನಾ ವಲಯದಲ್ಲಿ ಚಲಾವಣೆಯಲ್ಲಿತ್ತು. ಟ್ಯಾಂಕ್ ಪಡೆಗಳ ಮಹಾಪರಿವೀಕ್ಷಕರಾಗಿ ಆಗಷ್ಟೇ ನೇಮಕಗೊಂಡಿದ್ದ ಗುಡೇರಿಯನ್ ಇದನ್ನು ಬಲವಾಗಿ ವಿರೋಧಿಸಿದರು. ಪ್ಯಾಂಥರ್ ಇನ್ನೂ ಸಾಲುತಯಾರಿಕೆಗೆ ಪಕ್ವವಾಗಿರಲಿಲ್ಲ; ಆ ಸಲಹೆಯಂತೆ ನಡೆದಿದ್ದರೆ ಸೇನೆಗೆ ತಿಂಗಳಿಗೆ ಸಿಗುತ್ತಿದ್ದದ್ದು ಟೈಗರ್‌ಗಳ ಒಂದು ಸಣ್ಣ ಗುಂಪು ಮಾತ್ರ. ಮಾರ್ಚ್ 9ರಂದು ಉಕ್ರೇನಿನ ವಿನಿತ್ಸಾದಲ್ಲಿ ಹಿಟ್ಲರನ ಮುಂದೆ ನಡೆದ ಸಭೆಯಲ್ಲಿ ಪಾಂಜರ್ 4ನ್ನು ಪೂರ್ಣ ಪ್ರಮಾಣದಲ್ಲಿ ಮುಂದುವರಿಸಬೇಕೆಂದು ಅವರು ವಾದಿಸಿದರು. ಆ ವರ್ಷವೂ ಮುಂದಿನ ವರ್ಷವೂ ಮೂರು ಮೂರು ಸಾವಿರದಷ್ಟು ಪಾಂಜರ್ 4ಗಳು ತಯಾರಾದವು. ಟ್ಯಾಂಕ್ ರೆಜಿಮೆಂಟಿನ ಒಂದು ಬೆಟಾಲಿಯನ್ ಪ್ಯಾಂಥರ್, ಇನ್ನೊಂದು ಪಾಂಜರ್ 4 ಎಂಬುದು 1944ರ ವಾಡಿಕೆಯಾಯಿತು. ವಿನ್ಯಾಸದ ದೃಷ್ಟಿಯಿಂದ ಮುದಿಯಾದ ವಾಹನವನ್ನು ಹೀಗೆ ಎಳೆದಾಡಿದ್ದು ತಪ್ಪೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯೊಂದನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ತಿರುಗಿಸುವುದೆಂದರೆ ತಿಂಗಳುಗಟ್ಟಲೆ ಖಾಲಿ ಸಾಲು; ಆ ತಿಂಗಳುಗಳು ಜರ್ಮನಿಯ ಬಳಿ ಇರಲಿಲ್ಲ.

ತಯಾರಿಸುವ ಕಾರ್ಖಾನೆಗಳೂ ಕಡಿಮೆಯಾಗುತ್ತಾ ಹೋದವು. 1943ರ ನವೆಂಬರಿನಲ್ಲಿ ಬರ್ಲಿನ್ನಿನ ಆಲ್ಕೆಟ್ ಕಾರ್ಖಾನೆ ಬಾಂಬಿಗೆ ತುತ್ತಾಗಿ ಅಲ್ಲಿನ ಆಕ್ರಮಣ ಫಿರಂಗಿಗಳ, ಅಂದರೆ ಟರೆಟ್ ಇಲ್ಲದೆ ಟ್ಯಾಂಕಿನ ಒಡಲಿನಲ್ಲೇ ಫಿರಂಗಿ ಕೂರಿಸಿದ ವಾಹನಗಳ, ಉತ್ಪಾದನೆ ಕುಸಿದಾಗ, ಮಾಗ್ಡೆಬುರ್ಗ್ ಕಾರ್ಖಾನೆಯನ್ನು ಪಾಂಜರ್ 4ರ ಒಡಲಿನ ಮೇಲೆ ಅಂಥದೇ ವಾಹನ ಕಟ್ಟಲು ತಿರುಗಿಸಲಾಯಿತು. ಪ್ಲೌವೆನ್ನಿನ ಫೋಮಾಗ್ ಕಾರ್ಖಾನೆ ಟರೆಟ್ ಇಲ್ಲದ ಟ್ಯಾಂಕ್ ಬೇಟೆಗಾರ ವಾಹನಗಳಿಗೆ ಹೊರಳಿತು. ಕೊನೆಗೆ ಟ್ಯಾಂಕನ್ನು ಟ್ಯಾಂಕಾಗಿಯೇ ಕಟ್ಟುತ್ತಿದ್ದದ್ದು ಆಸ್ಟ್ರಿಯದ ಸಾಂಕ್ಟ್ ವಾಲೆಂಟಿನ್ ಊರಿನ ನಿಬೆಲುಂಗನ್ ಕಾರ್ಖಾನೆಯೊಂದೇ. 1944ರಲ್ಲಿ ಅಲ್ಲಿ ಮೌಟ್‌ಹೌಸನ್ ಯಾತನಾ ಶಿಬಿರದ ಉಪಶಿಬಿರವೊಂದನ್ನು ತೆರೆದು ಕೈದಿಗಳನ್ನು ಟ್ಯಾಂಕ್ ಕೆಲಸಕ್ಕೆ ದುಡಿಸಲಾಯಿತು. ಈ ವಾಹನದ ತಾಂತ್ರಿಕ ಜಾಣ್ಮೆಯನ್ನು ಮೆಚ್ಚಿ ಬರೆಯುವವರು ಈ ಸಂಗತಿಯನ್ನು ಬಿಟ್ಟು ಬರೆಯಬಾರದೆಂಬುದು ನನ್ನ ದೃಢ ನಿಲುವು. ಉತ್ಪಾದನೆಯ ಅಂಕಿಗಳೊಳಗೆ ಆ ಗುಲಾಮ ದುಡಿಮೆಯೂ ಸೇರಿದೆ.

ಜೆ ಆವೃತ್ತಿ: ಮೋಟರ್ ಕೊಟ್ಟು ಇಂಧನ ಕೊಂಡದ್ದು

1944ರಲ್ಲಿ ಬಂದ ಜೆ ಆವೃತ್ತಿಯ ಬಹುಪಾಲು ಬದಲಾವಣೆಗಳು ಸರಳೀಕರಣದವು. ಬದಿಯ ತಗಡುಗಳಿಗೆ ಬದಲು ತಂತಿಬಲೆ ಬಂತು, ಸರಪಳಿಯ ಮೇಲಂಚನ್ನು ಹೊರುವ ನಾಲ್ಕು ಉರುಳೆಗಳು ಮೂರಾದವು, ಎಳೆಯುವ ಕೊಂಡಿಗಳನ್ನು ಪ್ರತ್ಯೇಕವಾಗಿ ಕೂರಿಸುವ ಬದಲು ಒಡಲಿನ ಪಕ್ಕದ ತಗಡನ್ನೇ ಮುಂದಕ್ಕೆ ಚಾಚಿ ತೂತು ಕೊರೆದರು. ಇವು ಯಾವುವೂ ಕದನದ ಗುಣವನ್ನು ಹೆಚ್ಚು ಕೆಡಿಸಲಿಲ್ಲ. ಕೆಡಿಸಿದ್ದು ಇನ್ನೊಂದು: ಟರೆಟ್ ತಿರುಗಿಸುವ ವಿದ್ಯುತ್ ಮೋಟರನ್ನೂ ಅದರ ಪುಟ್ಟ ಎಂಜಿನ್ನನ್ನೂ ತೆಗೆದುಹಾಕಿದ್ದು.

ತೆಗೆದ ಜಾಗದಲ್ಲಿ 200 ಲೀಟರಿನ ಇನ್ನೊಂದು ಪೆಟ್ರೋಲ್ ಟ್ಯಾಂಕಿಗೆ ಅವಕಾಶವಾಯಿತು. ಟರೆಟ್ ನೆಲದಡಿಯ ಮೂರು ಟ್ಯಾಂಕಿಗಳ 470 ಲೀಟರ್ 680ರ ಹತ್ತಿರಕ್ಕೆ ಏರಿ, ರಸ್ತೆಯ ಮೇಲಿನ ಓಟ 210 ಕಿಲೋಮೀಟರಿನಿಂದ 320ಕ್ಕೆ ಹೆಚ್ಚಿತು. ಇಂಧನದ ಲಾರಿಗಳು ವಿಮಾನ ದಾಳಿಗೆ ಸಿಕ್ಕಿ ಸುಡುತ್ತಿದ್ದ ಕಾಲದಲ್ಲಿ ಈ ಲಾಭ ಕಡಿಮೆಯದಲ್ಲ. ಇನ್ನು ನಷ್ಟವನ್ನು ಗುರಿಕಾರನ ಆಸನದಿಂದ ನೋಡಬೇಕು. ಮೋಟರಿದ್ದಾಗ ಟರೆಟ್ ಸೆಕೆಂಡಿಗೆ ಸುಮಾರು 14 ಡಿಗ್ರಿಯವರೆಗೆ ತಿರುಗಿ, ಇಪ್ಪತ್ತೈದು ಸೆಕೆಂಡಿನ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಸುತ್ತಿತ್ತು; ಕೈಚಕ್ರ ಇದ್ದದ್ದು ಗುರಿಯನ್ನು ನವಿರಾಗಿ ಹೊಂದಿಸಲು. ಈಗ ಎಲ್ಲ ತಿರುವೂ ಕೈಚಕ್ರದಿಂದಲೇ. ಸಮತಟ್ಟಾದ ನೆಲದಲ್ಲಿ ಎರಡು ಗೇರಿನ ಹೊಸ ಚಕ್ರದಿಂದ ಹೇಗೋ ನಿಭಾಯಿಸಬಹುದು. ಇಳಿಜಾರಿನಲ್ಲಿ ಓರೆಯಾಗಿ ನಿಂತ ಟ್ಯಾಂಕಿನಲ್ಲಿ, ಮುಂಭಾರದ ಟರೆಟ್ಟನ್ನು ಏರುಮುಖಕ್ಕೆ ತಿರುಗಿಸುವಾಗ ಅದೇ ಚಕ್ರ ಕೈಗೆ ಕಲ್ಲಾಗುತ್ತದೆ, ಮತ್ತು ಬದಿಯಿಂದ ಬಂದ ಶತ್ರು ಅಷ್ಟು ಹೊತ್ತು ಕಾಯುವುದಿಲ್ಲ. ಇಡೀ ವಾಹನವನ್ನೇ ತಿರುಗಿಸಿ ನಿಲ್ಲಿಸುವುದು ಚಾಲಕನ ಕೈಲಿದ್ದ ಉಪಾಯ. ಅದೂ ಗಟ್ಟಿ ನೆಲವಿದ್ದಲ್ಲಿ.

ಕೆಲವರು ಇದನ್ನು ಸೋಲುತ್ತಿದ್ದ ದೇಶದ ಬರೀ ಜಿಪುಣತನವೆಂದು ನೋಡುತ್ತಾರೆ. ನನಗೆ ಕಾಣುವುದು ಬೇರೆ. ಮೊದಲ ಆವೃತ್ತಿಗಳಲ್ಲಿ ಪ್ರತಿ ಸೇರ್ಪಡೆಗೂ ಎಲ್ಲೋ ಒಂದಿಷ್ಟು ಜಾಗ, ಒಂದಿಷ್ಟು ಬಲ ಉಳಿದಿರುತ್ತಿತ್ತು. ಇಲ್ಲಿ ಮೊದಲ ಬಾರಿಗೆ, ವಾಹನವನ್ನು ಕದನದಲ್ಲಿ ಉಳಿಸುವ ಒಂದು ಅಂಗವನ್ನೇ ಕಿತ್ತು ಇನ್ನೊಂದಕ್ಕೆ ಜಾಗ ಮಾಡಬೇಕಾಯಿತು.

ಸ್ಪ್ರಿಂಗುಗಳ ಕೊನೆಯ ಮಿತಿ

ಪ್ಯಾಂಥರ್‌ನ 70 ಪಟ್ಟು ಉದ್ದದ, ಗುಂಡನ್ನು ಸೆಕೆಂಡಿಗೆ 925 ಮೀಟರ್ ವೇಗದಲ್ಲಿ ಎಸೆಯುವ 7.5 ಸೆಂಟಿಮೀಟರ್ ಫಿರಂಗಿಯನ್ನು ಪಾಂಜರ್ 4ರ ಟರೆಟ್ಟಿಗೆ ಕೂರಿಸಬಹುದೇ ಎಂಬ ಪ್ರಶ್ನೆಯನ್ನು ಕ್ರುಪ್ ಪರಿಶೀಲಿಸಿತು. ಫಿರಂಗಿ ಉದ್ದವಾಗಿತ್ತು, ಅದರ ಕಾಡತೂಸೂ ಉದ್ದ, ಭಾರವಂತೂ ಒಡಲಿಗೆ ಮೀರಿದ್ದು. ಯೋಜನೆ ಮುಂದೆ ಸಾಗಲಿಲ್ಲ. ಟರೆಟ್ಟನ್ನೇ ಬಿಟ್ಟುಬಿಟ್ಟರೆ ಮಾತ್ರ ಆ ಫಿರಂಗಿ ಈ ಒಡಲಿಗೆ ಹೊಂದುತ್ತಿತ್ತು. ಹಾಗೆ ಹುಟ್ಟಿದ್ದು 1944ರ ಆಗಸ್ಟಿನಿಂದ ತಯಾರಾದ ಪಾಂಜರ್ 4/70, ಫಿರಂಗಿಯನ್ನು ಒಡಲಿನ ಮುಂಭಾಗದಲ್ಲೇ ನೆಟ್ಟ ತಗ್ಗು ವಾಹನ.

ಫೋಮಾಗ್ ಕಾರ್ಖಾನೆಯ ರೂಪದಲ್ಲಿ ಅದರ ತೂಕ 26 ಟನ್ನಿಗೆ ಹತ್ತಿರ, ನಿಬೆಲುಂಗನ್ ಕಾರ್ಖಾನೆ ಜೆ ಆವೃತ್ತಿಯ ಒಡಲನ್ನು ಹೆಚ್ಚು ಬದಲಿಸದೆ ಕಟ್ಟಿದ ಎತ್ತರದ ರೂಪದಲ್ಲಿ 28 ಟನ್. ಎರಡರಲ್ಲೂ ಫಿರಂಗಿ, 80 ಮಿಲಿಮೀಟರಿನ ಮುಖಕವಚ, ಗೇರ್‌ಬಾಕ್ಸ್ ಎಲ್ಲ ಭಾರವೂ ಮುಂದಕ್ಕೇ ಸೇರಿತು. ವಾಹನ ಮೂಗು ತಗ್ಗಿಸಿಕೊಂಡು ಓಡತೊಡಗಿ, ಮುಂದಿನ ಚಕ್ರಗಳ ರಬ್ಬರ್ ಪಟ್ಟಿಗಳು ಆ ಒತ್ತಡಕ್ಕೆ ಬೇಗ ಬೇಗ ಹರಿದುಹೋಗುತ್ತಿದ್ದವು. ಮುಂದಿನ ಜೋಡಿಗಳಿಗೆ ರಬ್ಬರನ್ನು ಒಳಗಿಟ್ಟ ಉಕ್ಕಿನ ಅಂಚಿನ ಚಕ್ರಗಳನ್ನು ಹಾಕಿ ಆ ತೊಂದರೆಯನ್ನು ಕಡಿಮೆ ಮಾಡಲಾಯಿತು. ಚಕ್ರದ ಹಿಂದಿನ ಸ್ಪ್ರಿಂಗು, ಅದರ ಮೇಲಿನ ಒಡಲು, ಅದನ್ನು ಎಳೆಯುವ 300 ಅಶ್ವಶಕ್ತಿಯ ಎಂಜಿನ್ ಇವುಗಳಿಗೆ ಮಾಡಲು ಉಳಿದದ್ದೇನೂ ಇರಲಿಲ್ಲ. 1945ರ ವಸಂತದಲ್ಲಿ ಕಾರ್ಖಾನೆಗಳ ಸಾಲು ನಿಂತಾಗಲೂ ಅವು 1941ರಲ್ಲಿ ಇದ್ದ ಅಳತೆಯಲ್ಲೇ ಇದ್ದವು.